ತಂಗಿಯ ಹೊಲದ ಕಪ್ಪು ಮಣ್ಣು

ದಿಬ್ಬದ ಮನೆ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಕಣ್ಣಿನ ಆಪರೇಷನ್ ಆದಮೇಲೆ ಹೇಗಿದ್ದೀಯ? ಹೊತ್ತುಹೊತ್ತಿಗೆ ಔಷಧಿ ಬಿಡುತ್ತಾರಾ? ಅಣ್ಣನಿಗೆ ಮರೆವು ಜಾಸ್ತಿ, ಅತ್ತಿಗೆಗೆ ಹೇಳು. ಈ ಕಾಗದವನ್ನೂ ಅವರ ಕೈಯಲ್ಲೇ ಓದಿಸು. ತಂಗಿ ಫೋನ್ ಮಾಡಿದಾಗ ಮಾತ್ರ ಬಾಯಿ ಬಿಡಬೇಡ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮುದ್ದಿನ ಕಿರಿಮಗಳಿಗಂತೂ ಕಾಲು ನೆಲಕ್ಕೆ ತಾಗುತ್ತಿಲ್ಲ. ಮಣ್ಣು ಪರೀಕ್ಷೆಯವರು ಬಂದು ಇಬ್ಬರ ಹೊಲದಲ್ಲೂ ಉದ್ದನೆಯ ಕೊಳವೆ ಇಳಿಸಿ ಮಣ್ಣು ತೆಗೆದರು. ಅವಳದು ಮೊಳದಾಳದವರೆಗೂ ಕಪ್ಪಗೆ, ಹುಡಿಹುಡಿ. ನನ್ನದು ಮೇಲೆ ನಾಲ್ಕು ಬೆರಳು ಕಪ್ಪು, ಕೆಳಗೆಲ್ಲ ಬಿಳಿಚಿಕೊಂಡಿತ್ತು. ಆ ನಾಲ್ಕು ಬೆರಳೂ ಹಿಂದಿನ ದಿನ ನಾನೇ ತಿಪ್ಪೆಯಿಂದ ಹೊತ್ತು ತಂದು ಹರಡಿದ ಗೊಬ್ಬರ. ಪರೀಕ್ಷೆಯವಳು ಮೂಸಿ ನೋಡಿ, “ಅಕ್ಕಾ, ಇದು ನಿನ್ನೆ ಹಾಕಿದ್ದಲ್ವಾ?” ಅಂದಳು. ನೆಂಟರು ಬರುತ್ತಾರೆಂದರೆ ಮನೆ ಗುಡಿಸುವುದಿಲ್ಲವೇ? ಇದರಲ್ಲಿ ನಗುವಂಥದ್ದೇನಿತ್ತು? ತಂಗಿ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟಕ್ಕೂ ಅವಳು ಮಾಡುವುದಾದರೂ ಏನಮ್ಮ? ಉಳುವುದಿಲ್ಲ. ಕೊಯ್ಲಾದ ಮೇಲೆ ಕೂಳೆಯನ್ನೂ ಹುಲ್ಲನ್ನೂ ಅಲ್ಲೇ ಬಿಡುತ್ತಾಳೆ. ಬೆಳೆ ಇಲ್ಲದ ತಿಂಗಳಲ್ಲಿ ಯಾವುದೋ ಕಾಳು ಚೆಲ್ಲಿ, ಬೆಳೆದದ್ದನ್ನು ಕೊಯ್ಯದೆ ನೆಲದ ಮೇಲೆ ಮಲಗಿಸುತ್ತಾಳೆ. ನಾನೋ ಆಳವಾಗಿ ಉತ್ತು, ಕಸಕಡ್ಡಿ ಸುಟ್ಟು, ಹೊಲವನ್ನು ಅಂಗಳದ ಹಾಗೆ ಇಟ್ಟುಕೊಂಡವಳು. ಈಗ ಕೇಳಿದರೆ, ಮಣ್ಣನ್ನು ಕಪ್ಪಗೆ, ಕಸುವಾಗಿ ಇಡುವುದು ಅದರೊಳಗೆ ಕೂಡಿಟ್ಟ ಇಂಗಾಲವಂತೆ, ಉತ್ತಾಗಲೆಲ್ಲ ಅದು ಗಾಳಿಗೆ ಹೋಗುತ್ತದಂತೆ. ಬೇರು, ಕೂಳೆ ಕೊಳೆತು ಅದು ಮತ್ತೆ ಸೇರಲು ವರ್ಷಗಟ್ಟಲೆ ಬೇಕಂತೆ. ಸೋಮಾರಿತನಕ್ಕೂ ಒಂದು ಶಾಸ್ತ್ರ ಸಿಕ್ಕಿತಲ್ಲ! ಹೌದು, ನನಗೆ ಹೊಟ್ಟೆಕಿಚ್ಚು. ಚಿಕ್ಕಂದಿನಿಂದಲೂ ಮೈಮುರಿದು ದುಡಿಯುವುದು ನಾನು, ಶಹಭಾಸ್ ಅವಳಿಗೆ.

ಇನ್ನು ಬಾವಿ ಪಕ್ಕದ ನಿನ್ನ ಹೊಲದ ವಿಷಯ. ನಿನಗೆ ಮಂಡಿನೋವು ಶುರುವಾದಾಗಿನಿಂದ ಅದನ್ನೂ ಅವಳೇ ನೋಡಿಕೊಂಡಳು, ಅವಳ ರೀತಿಯಲ್ಲೇ. ಇನ್ನು ಮುಂದೆ ಆ ಹೊಲ ಯಾರು ಮಾಡುತ್ತಾರೋ ಅಮ್ಮ ಅವರ ಮನೆಯಲ್ಲೇ ಇರಲಿ ಎಂದು ಅಣ್ಣ ತೀರ್ಮಾನ ಕೊಟ್ಟಿದ್ದಾನೆ. ಹಿರಿಯಳು ನಾನು, ನನಗೇ ಬರಬೇಕು ಎಂದು ಹಟ ಹಿಡಿದು ನಿನ್ನೆ ಟ್ರ್ಯಾಕ್ಟರನ್ನೂ ಕರೆಸಿದ್ದೆ. ಅದು ಬಂದು ಬದುವಿನ ಹತ್ತಿರ ನಿಂತಾಗ, ಸುಮ್ಮನೆ ಒಂದು ಹಿಡಿ ಮಣ್ಣು ಎತ್ತಿ ನೋಡಿದೆ. ಮೆತ್ತಗೆ, ತಣ್ಣಗೆ ಇತ್ತು. ಎರೆಹುಳವೊಂದು ಬೆರಳಿಗೆ ಸುತ್ತಿಕೊಂಡಿತು. ಎಷ್ಟು ಹುಡುಕಿದರೂ ಒಂದು ಹುಳುಕು ಸಿಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಟ್ರ್ಯಾಕ್ಟರಿನವನನ್ನು ಹಾಗೇ ವಾಪಸ್ ಕಳಿಸಿದೆ.

ಮಕ್ಕಳು ಅಜ್ಜಿ ಯಾವಾಗ ಬರುತ್ತಾಳೆ ಎಂದು ಪ್ರಾಣ ತಿನ್ನುತ್ತಿದ್ದಾರೆ. ಅಣ್ಣ, ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಮರೆಯಬೇಡ.

ನಿನ್ನ ದೊಡ್ಡವಳು

ತಾ.ಕ.: ಹೊಲ ಅವಳಿಗೇ ಕೊಟ್ಟುಬಿಡು. ನನ್ನ ಕೈಗೆ ಬಂದರೆ ಇವತ್ತಲ್ಲ ನಾಳೆ ಉತ್ತೇಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅಣ್ಣನ ತೀರ್ಮಾನ ಅತ್ತ ಇರಲಿ, ನೀನು ಮಾತ್ರ ನನ್ನ ಮನೆಗೆ ಬಾ. ಹೊಲವೂ ನೀನೂ ಎರಡೂ ಅವಳ ಪಾಲಾದರೆ ನಾನು ತಡೆದುಕೊಳ್ಳಲಾರೆ, ಅಮ್ಮಾ.