ಎಡಗೈ ಗಂಟಿನ ಬಲೆ

ತೆಂಗಿನಗುಂಡಿ
೧೪ ನವೆಂಬರ್ ೧೯೮೪

ಮಗಳು ನಾಗುವಿಗೆ ಅವ್ವಿಯ ಆಶೀರ್ವಾದ.

ಕುಮಟೆಯಲ್ಲಿ ನೀನು, ಅಳಿಯ, ಕೂಸು ಸುಖವಾಗಿದ್ದೀರೆಂದು ನಂಬಿದ್ದೇನೆ. ಈ ಸಲ ಶಾಂತಾರಾಮ ಮಾಸ್ತರರ ಕೈಯಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ. ಅಕ್ಷರ ಏಡಿ ನಡೆದ ಹಾಗಿದೆ ಎಂದು ನಗಬೇಡ. ಇದು ಇನ್ನೊಬ್ಬರ ಎದುರು ಹೇಳಿ ಬರೆಸುವ ವಿಷಯವಲ್ಲ.

ಮಳೆಗಾಲ ಮುಗಿದ ಮೇಲೆ ನಮ್ಮ ಕೇರಿಗೆ ಹೊಸ ಕೆಲಸ ಹತ್ತಿದೆ. ಬೆಳಿಗ್ಗೆ ಎಲ್ಲರೂ ದಂಡೆಗೆ ಹೋಗಿ ಪ್ಲಾಸ್ಟಿಕ್ ಕೊಟ್ಟೆ, ಡಬ್ಬಿ, ಹರಿದ ನೈಲಾನ್ ಬಲೆ ಹೆಕ್ಕುತ್ತೇವೆ. ಬಲೆಯನ್ನು ಕತ್ತರಿಸಿ ಬೇಲಿಗೆ, ತೊಂಡೆಚಪ್ಪರಕ್ಕೆ ಕಟ್ಟುತ್ತೇವೆ. ಕಡಲಿಗೆ ಒಂದು ಎಳೆಯೂ ಹೋಗಬಾರದೆಂದು ಕಟ್ಟುನಿಟ್ಟು. ಈರಮ್ಮ ತನ್ನ ಗಂಡ ಮಾಬ್ಲನ ಕಿಸೆ ತಡಕಿಯೇ ದೋಣಿ ಹತ್ತಿಸುತ್ತಾಳೆ.

ಇದನ್ನೆಲ್ಲ ಶುರು ಮಾಡಿದವಳು ಎದುರುಮನೆಯ ಸುಬ್ಬಿ. ಮಳೆಗಾಲಕ್ಕೆ ಮುಂಚೆ ಲಂಗರು ಬಿಡಿಸಲು ನೀರಿಗಿಳಿದ ಅವಳ ಗಂಡ ಸೋಮನ ಕಾಲಿಗೆ ನೀರಿನಡಿ ಯಾವುದೋ ಬಲೆ ಸುತ್ತಿಕೊಂಡಿತಲ್ಲ. ಜೊತೆಯವರು ಬಲೆ ಕೊಯ್ದು ಅವನನ್ನು ಮೇಲೆತ್ತುವಾಗ ಜೀವ ಇರಲಿಲ್ಲ. ಪಾದಕ್ಕೆ ಅಂಟಿಕೊಂಡು ಬಂದ ತುಂಡನ್ನು ಸುಬ್ಬಿಯೇ ಬಿಡಿಸಿದಳು. ಟ್ರಾಲರಿನವರ ಬಲೆ ಎಂದರು ಎಲ್ಲರೂ. ನಾನೂ ಹಾಗೇ ಅಂದೆ. ಈಗ ಅವಳು ದಿನಾ ಮೊದಲು ತಟ್ಟುವುದು ನನ್ನ ಬಾಗಿಲನ್ನೇ, ಬಲೆ ಕೊಯ್ಯಲು ಕತ್ತಿ ಕೊಡುವುದೂ ನನ್ನ ಕೈಗೇ. ಒಡಹುಟ್ಟಿದವಳೂ ಇಷ್ಟು ಹಚ್ಚಿಕೊಳ್ಳಲಾರಳು.

ಎಂಟು ವರ್ಷದ ಹಿಂದೆ ನಿನ್ನಪ್ಪ ತೀರಿಕೊಂಡಾಗ ಅವರ ಬಲೆಯನ್ನು ನಾನು ಕಡಲಿಗೆ ಬಿಟ್ಟದ್ದು ನಿನಗೆ ನೆನಪಿರಬೇಕು. ಸತ್ತವನ ಬಲೆಯನ್ನು ಇನ್ನೊಬ್ಬರು ಹಾಕಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅಜ್ಜನ ನೂಲಿನ ಬಲೆ ಒಂದೇ ಮಳೆಗಾಲದಲ್ಲಿ ಕೊಳೆತು ಹೋಗಿತ್ತು. ಅಪ್ಪನದು ನೈಲಾನು. ಇದು ಕೊಳೂದಿಲ್ಲ ಅತ್ತಿಗೆ, ಬ್ಯಾಡ ಎಂದು ಮಾಬ್ಲ ತಡೆದಿದ್ದ. ಪದ್ಧತಿ ಪದ್ಧತಿಯೇ ಎಂದು ನಾನು ಹಟ ಹಿಡಿದೆ.

ಮೊನ್ನೆ ನೀರು ಇಳಿದಾಗ ಬಂಡೆಯ ಬುಡದಿಂದ ಒಂದು ಬಲೆ ಎಳೆದೆವು. ಬಣ್ಣ ಕೂಡ ಮಾಸಿರಲಿಲ್ಲ. ಅದರ ತಳದಲ್ಲಿ ಪುಡಿಯಾದ ಮೀನಿನ ಮುಳ್ಳು, ಮೇಲೆ ಹೊಸ ಮುಳ್ಳು, ಕೊಳೆತ ಮೀನು, ಎಲ್ಲಕ್ಕಿಂತ ಮೇಲೆ ಕಿವಿರು ಆಡಿಸುತ್ತಿದ್ದ ಬಂಗಡೆ. ಹಾಕುವವರಿಲ್ಲ, ಎಳೆಯುವವರಿಲ್ಲ, ಅದು ಹಿಡಿಯುತ್ತಲೇ ಇತ್ತು. ಕತ್ತಿ ಹಿಡಿದು ಕೂತ ನನ್ನ ಬೆರಳಿಗೆ ಗಂಟು ಸಿಕ್ಕಿತು. ಎಡಕ್ಕೆ ತಿರುಗಿದ ಗಂಟು. ಈ ಕೇರಿಯಲ್ಲಿ ಎಡಗೈಯಲ್ಲಿ ಬಲೆ ಹೆಣೆಯುತ್ತಿದ್ದವರು ನಿನ್ನಪ್ಪ ಒಬ್ಬರೇ. ನಡುವೆ ಯಾರೋ ಕೊಯ್ದ, ಅಂಗೈಯಗಲದ ತೂತು. ನಾಗು, ಎಂಟು ವರ್ಷ ನಿನ್ನಪ್ಪನ ಕೈ ಆ ನೀರಿನಡಿ ದುಡಿಯುತ್ತಲೇ ಇತ್ತು. ಕಳಿಸಿದವಳು ನಾನು.

ಯಾರದೋ ಏನೋ ಎಂದು ಹೇಳಿ, ಕೊಯ್ಯದೆ ಎದ್ದು ಬಂದೆ. ಸುಬ್ಬಿ ಅದನ್ನು ಇಡಿಯಾಗಿ ತನ್ನ ಬೇಲಿಗೆ ಹರವಿದ್ದಾಳೆ, ನನ್ನ ಬಾಗಿಲಿಗೆ ಎದುರಾಗಿ. ಗಾಳಿ ನಿಂತಾಗಲೂ ಅದು ಮೆಲ್ಲಗೆ ಉಸಿರಾಡಿದಂತೆ ಕಾಣುತ್ತದೆ. ನಿನ್ನೆಯೂ ಇವತ್ತೂ ಅವಳು ಬಾಗಿಲು ತಟ್ಟಿದಳು. ನಾನು ಉಸಿರು ಹಿಡಿದು ಒಳಗೆ ಕೂತಿದ್ದೆ. ಕರೆಯುವುದಿಲ್ಲ, ಸುಮ್ಮನೆ ತುಂಬ ಹೊತ್ತು ನಿಂತು ಹೋಗುತ್ತಾಳೆ.

ಅವಳಿಗೆ ಹೇಳಬೇಕು. ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ. ಭಾನುವಾರದ ಬಸ್ಸಿಗೆ ಬಾ, ನನ್ನ ಪಕ್ಕ ನಿಂತುಕೋ.

ನಿನ್ನ ಅವ್ವಿ
ಹೊನ್ನಿ

ತಾ.ಕ.: ಮರುದಿನ ಬೆಳಿಗ್ಗೆ ಬರೆಯುತ್ತಿದ್ದೇನೆ. ಇಂದು ಬಾಗಿಲು ತೆರೆದೆ. ಸುಬ್ಬಿ ಒಳಗೆ ಬರಲಿಲ್ಲ. ಸೆರಗಿನ ತುದಿ ಬಿಚ್ಚಿ ಅಂಗೈಯಗಲದ ಬಲೆಯ ತುಂಡೊಂದನ್ನು ನನ್ನ ಕೈಗಿಟ್ಟಳು. ಅವರ ಕಾಲಿಂದ ಬಿಡ್ಸುವಾಗ್ಲೇ ನಿನ್ನ ಗಂಡ ದಾಸಣ್ಣನ ಎಡಗೈ ಗಂಟು ಕಂಡಿದ್ದೆ ಅಕ್ಕ, ನೀನೇ ಎಂತಾದ್ರೂ ಹೇಳ್ತೆ ಅಂತ ಇಷ್ಟು ದಿವ್ಸ ನಿನ್ನ ಬಾಗ್ಲು ತಟ್ಟಿದೆ ಎಂದಳು. ಆಮೇಲೆ ಕತ್ತಿಯನ್ನು ಹೊಸ್ತಿಲ ಮೇಲಿಟ್ಟು ಬೇಲಿಯ ಪಕ್ಕ ಹೋಗಿ ನಿಂತಿದ್ದಾಳೆ. ನಾನು ಬರೆದು ಮುಗಿಸಲಿ ಎಂದು ಕಾಯುತ್ತಿದ್ದಾಳೆ. ನೀನು ಬರುವುದು ಬೇಡ ಮಗಳೇ, ನಾನು ಹೋಗುತ್ತೇನೆ.