ಒಣಸ್ ಆಂಡಾ ಅನ್ನುವ ಗಿಟಾರು

ಪ್ರೀತಿಯ ಅಣ್ಣಾ,

ಗುರುವಾರ ಮಧ್ಯಾಹ್ನ ಲಿಫ್ಟಿನ ಸದ್ದಾದರೆ ಈಗಲೂ ನನ್ನ ಕಿವಿ ಬಾಗಿಲಿಗೆ ಹೋಗುತ್ತದೆ. ವಾರವಿಡೀ ಸಹಮ್‌ನ ಆಫೀಸಿನಲ್ಲಿದ್ದು ಶುಕ್ರವಾರದ ರಜೆಗೆ ಮಸ್ಕತ್ತಿನ ಅಲ್ ಹೈಲಿನಲ್ಲಿ ನಮ್ಮೆರಡೂ ಸಂಸಾರ ಒಟ್ಟಿಗಿದ್ದ ಫ್ಲ್ಯಾಟಿಗೆ ಬರುತ್ತಿದ್ದ ನೀನು, ಬೂಟು ಬಿಚ್ಚುವ ಮೊದಲೇ ಗಿಟಾರಿಗೆ ಕೈ ಹಾಕುತ್ತಿದ್ದೆ. ನನ್ನ ಮತ್ತು ನಮ್ಮವರ, ಅಂದರೆ ನಿನ್ನ ಭಾವನ, ಎದುರು ಹೆಂಡತಿಯನ್ನು ಮಾತಾಡಿಸಲು ನಿನಗೆ ನಾಚಿಕೆ. ಅದಕ್ಕೇ ಗಿಟಾರಿನಿಂದ ಕೇಳಿಸುತ್ತಿದ್ದೆ: "ಒಣಸ್ ಆಂಡಾ?" ಊಟ ಆಯಿತಾ ಅನ್ನುವ ನಮ್ಮ ತುಳು ಮಾತು ತಂತಿಯ ಮೇಲೆ ಅಷ್ಟು ಸ್ಪಷ್ಟವಾಗಿ ಬರುತ್ತದೆ ಅಂದರೆ ಯಾರು ನಂಬುತ್ತಾರೆ ಹೇಳು? ಒಳಗಿನಿಂದ ಅತ್ತಿಗೆ "ಆತ್‌ಜಿ" ಅನ್ನುತ್ತಿದ್ದರು, ಇನ್ನೂ ಆಗಿಲ್ಲ ಅಂತ. ನೀನು ಬರುವವರೆಗೆ ಅವರು ಉಂಡದ್ದೇ ಇಲ್ಲವಲ್ಲ.

ಅದನ್ನು ಹೇಗೆ ಮಾಡುವುದು ಅಂತ ಒಮ್ಮೆ ನನಗೆ ತೋರಿಸಿದ್ದೆ. ಗಿಟಾರಿನ ಬುಡದಲ್ಲೊಂದು ಬಾಗಿದ ಉಕ್ಕಿನ ಕೋಲು. ನೀನು ಬಾರ್ ಅನ್ನುತ್ತಿದ್ದೆ, ನಾನು ಬಾಲ ಅನ್ನುತ್ತಿದ್ದೆ. ಒತ್ತಿದರೆ ತಂತಿ ಸಡಿಲಾಗಿ ಸ್ವರ ಇಳಿಯುತ್ತದೆ. ಹಾಗಾದರೆ ಪ್ರಶ್ನೆ ಕೇಳುವಾಗ ಸ್ವರ ಏರುವುದು ಹೇಗೆ? "ಮೊದಲೇ ಒತ್ತಿ ಹಿಡಿಯುವುದು, ಮೀಟುವುದು, ಆಮೇಲೆ ಮೆಲ್ಲ ಬಿಡುವುದು" ಅಂದಿದ್ದೆ. ಆದರೆ ಗಿಟಾರಿನೊಳಗಿನ ಹಳೇ ಸ್ಪ್ರಿಂಗು ತಂತಿಯನ್ನು ಮೊದಲಿನ ಜಾಗಕ್ಕೆ ಪೂರ್ತಿ ಎಳೆದು ತರುತ್ತಿರಲಿಲ್ಲ. ಪ್ರತಿ ಸಲವೂ ನೀನು ಶ್ರುತಿ ಸರಿಮಾಡುತ್ತ ಕೂತರೆ, ಕುಣಿಯಲಾರದವನಿಗೆ ನೆಲ ಡೊಂಕು ಅಂತ ನಾನು ಕಾಲೆಳೆಯುತ್ತಿದ್ದೆ.

ಮಸ್ಕತ್ತಿನ ಹೋಟೆಲಿನಲ್ಲಿ ನುಡಿಸುವ ಫಿಲಿಪಿನೊ ಗೆಳೆಯನ ಹತ್ತಿರ ಗಿಟಾರಿಗೆ ಜೋಡಿಸುವ ಹೊಸ ಪೆಡಲ್ ಪೆಟ್ಟಿಗೆ ನೋಡಿ ಬಂದ ದಿನ ನಿನ್ನ ಮುಖ ನೋಡಬೇಕಿತ್ತು. "ತಂತಿ ಸಡಿಲ ಆಗುವುದೇ ಇಲ್ಲ ಮಾರಾಯ್ತಿ. ಪೆಟ್ಟಿಗೆಯೇ ಲೆಕ್ಕ ಹಾಕಿ ಸ್ವರ ಏರಿಸ್ತದೆ, ಇಳಿಸ್ತದೆ. ಕಾಲಲ್ಲಿ ತುಳಿಯುವುದು ಬೇರೆ. ಅದೇನು ನಿನ್ನ ಹೊಲಿಗೆ ಮಿಷನ್ನಾ?" ಬಾಯಲ್ಲಿ ಬೈಗುಳ, ಕಣ್ಣಲ್ಲಿ ಆಸೆ. ಮುಂದೆ ಅಲ್ ಖೌದಿನ ಕಾರ್ಯಕ್ರಮದಲ್ಲಿ ಬಾರ್ ಮುರಿದು ತುದಿ ಗಿಟಾರಿನೊಳಗೇ ಸಿಕ್ಕಿಬಿದ್ದಾಗ, ನಮ್ಮವರನ್ನು ಬದಿಗೆ ಕರೆದು, "ಭಾವ, ದುಬೈಗೆ ಹೋದರೆ ಅದೊಂದು..." ಅಂದೆಯಂತೆ. ಅವರು ತಂದರು. ಅಷ್ಟರಲ್ಲಿ ಸಹಮ್‌ನ ಕೋಣೆಯಲ್ಲಿ ನಿನ್ನ ಎದೆಬಡಿತ ನಿಂತಿತ್ತು. ಸರಿಮಾಡಿಸಲೆಂದು ಒಯ್ದಿದ್ದ ಬಾರ್ ನಿನ್ನ ಪ್ಯಾಂಟಿನ ಜೇಬಿನಲ್ಲೇ ಮರಳಿ ಬಂತು.

ಊರಿನಲ್ಲಿ ನಿನ್ನ ಉತ್ತರಕ್ರಿಯೆ, ಬೊಜ್ಜ ಮುಗಿಸಿ ಅತ್ತಿಗೆ ಕ್ಲಿನಿಕ್ಕಿನ ಡ್ಯೂಟಿಗೆ ಮರಳಿದರು. ಇಂಜೆಕ್ಷನ್ ಕೊಡುತ್ತಾರೆ, ಬಟ್ಟೆ ಒಗೆಯುತ್ತಾರೆ, ನಕ್ಕರೆ ನಗುತ್ತಾರೆ. ಊಟ ಮಾತ್ರ ಬಿಟ್ಟರು. ಕೇಳಿದರೆ "ಆಂಡ್", ಆಯಿತು. ಪಾತ್ರೆಯಲ್ಲಿ ಗಂಜಿ ಇದ್ದ ಹಾಗೇ ಇರುತ್ತಿತ್ತು. ಅವರ ರವಿಕೆಗಳ ಹೊಲಿಗೆಯನ್ನು ನಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದೆ, ಮತ್ತೆ ಸಡಿಲಾದವು, ಮತ್ತೆ ಹೊಲಿದೆ. ಬೈದೆ, ಕಾಲು ಹಿಡಿದೆ. ನೀನಿದ್ದಿದ್ದರೆ ಒಂದು ಮೀಟಿನಲ್ಲಿ ಆಗುತ್ತಿದ್ದ ಕೆಲಸ ಅಣ್ಣಾ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ?

ಒಂದು ಶುಕ್ರವಾರ ಮಧ್ಯಾಹ್ನ ಪೆಡಲ್‌ನ ರಟ್ಟಿನ ಡಬ್ಬಿ ಬಿಚ್ಚಿದೆ. ನಮ್ಮವರು ನಿನ್ನ ಗಿಟಾರಿಗೆ ವಯರು ಜೋಡಿಸಿಕೊಟ್ಟರು. ಎಡಗೈಯಲ್ಲಿ ಏನು ಮಾಡಬೇಕೆಂದು ನನಗೇನು ಗೊತ್ತು? ಒಂದೇ ತಂತಿ ಮೀಟಿದೆ, ಉಳಿದದ್ದನ್ನು ಕಾಲಿಗೆ ಬಿಟ್ಟೆ. ನೀನು ತಮಾಷೆ ಮಾಡಿದ ಹೊಲಿಗೆ ಮಿಷನ್ನಿನ ಕಾಲು ಇದೇ. ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕು ಅಂತ ಅದಕ್ಕೆ ಹೇಳಿಕೊಡಬೇಕಾಗಿಲ್ಲ. ಬಹಳ ಹೊತ್ತು ಬರೀ ಗೊರಗೊರ ಅಂದ ಮೇಲೆ ಬಂತು: "ಒಣಸ್ ಆಂಡಾ?"

ಕೋಣೆಯ ಬಾಗಿಲು ತೆರೆಯಿತು. ಅತ್ತಿಗೆ ಸಿಟ್ಟಾಗುತ್ತಾರೆ ಅಂದುಕೊಂಡೆ. "ಅವರದ್ದು ಇಷ್ಟು ಸರಿ ಇರ್ತಿರ್ಲಿಲ್ಲ" ಅಂದರು. "ಕೊನೆಗೆ ಚೂರು ಕೆಳಗೇ ನಿಲ್ತಿತ್ತು."

ಹೌದಲ್ಲ. ನೀನು ಜೀವಮಾನವಿಡೀ ತಿದ್ದಲು ನೋಡಿದ ತಪ್ಪನ್ನೇ ಅವರು ಕಿವಿಯಲ್ಲಿ ಇಟ್ಟುಕೊಂಡಿದ್ದರು. ಈ ಪೆಟ್ಟಿಗೆ ತಪ್ಪುವುದಿಲ್ಲ, ಪೂರ್ತಿ ತುಳಿದರೆ ಸ್ವರ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಮತ್ತೆ ಮೀಟಿದೆ. ಕಾಲನ್ನು ಕೊನೆ ಮುಟ್ಟಿಸದೆ ಕೂದಲೆಳೆಯಷ್ಟು ಮೊದಲೇ ತಡೆದೆ.

ಅತ್ತಿಗೆ ಬಾಗಿಲ ದಾರಂದ ಹಿಡಿದು ನಿಂತರು. "ಆತ್‌ಜಿ" ಅಂದರು.

ಗಂಜಿ ಬಡಿಸಿದೆ. ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ನಾನು ಅಡುಗೆಮನೆಗೆ ಹೋಗಿ ನಳ್ಳಿ ನೀರು ಬಿಟ್ಟುಕೊಂಡು ಅತ್ತೆ.

ಅದು ನೀನಲ್ಲ ಅಂತ ಗೊತ್ತು. ಆದರೂ ಅಣ್ಣಾ, ಮೊನ್ನೆಯದ್ದನ್ನು ಹೇಳಲೆಂದೇ ಈ ಕಾಗದ. ನನಗೆ ಜ್ವರ, ಏನೂ ಬೇಡ ಅಂತ ಮುಸುಕೆಳೆದು ಮಲಗಿದ್ದೆ. ಹಾಲ್ ಕಡೆಯಿಂದ ಕೇಳಿತು: "ಒಣಸ್ ಆಂಡಾ?" ಕೊನೆ ಚೂರು ಕೆಳಗೆ, ಥೇಟ್ ನಿನ್ನದೇ. ನೀನೇ ಬಂದೆ ಅಂತ ಬರಿಗಾಲಲ್ಲಿ ಓಡಿದೆ.

ಅತ್ತಿಗೆ. ತೊಡೆಯ ಮೇಲೆ ನಿನ್ನ ಗಿಟಾರು, ಕಾಲು ಪೆಡಲ್ ಮೇಲೆ. ಯಾವಾಗಲೂ ಉತ್ತರ ಹೇಳುತ್ತಿದ್ದವರು ಈಗ ಪ್ರಶ್ನೆ ಕೇಳುತ್ತಿದ್ದರು. ನಾನು ಹೇಳುವವರೆಗೂ ಕಾಲು ತೆಗೆಯಲಿಲ್ಲ.

"ಆತ್‌ಜಿ ಅತ್ತಿಗೆ" ಅಂದೆ.

ನಿನ್ನ ತಂಗಿ,
ವಿಮಲಾ