ಒಂದೇ ಪಾತ್ರೆ

೧೪, ಗುರುವಾರ.

ದೊಡ್ಡ ಕರುಳಲ್ಲಿ ಹುಣ್ಣು ಅಂತ ಗೊತ್ತಾಗಿ ಎರಡು ವರ್ಷ. ಖಾರ, ಕರಿದದ್ದು ನನಗೆ ಮಾತ್ರ ಬಂದ್ ಅಂದುಕೊಂಡಿದ್ದೆ. ‘ನಿಮ್ಮ ಪಾತ್ರೆ ಬೇರೆ, ನಮ್ಮದು ಬೇರೆ’ ಅಂತಿದ್ದಳು ಹೆಂಡತಿ. ಮೊದಲು ಉಂಡು ಪಾಳಿಗೆ ಓಡುವ ನಾನು ನಂಬಿದೆ. ಒಳಗೊಳಗೇ ಹೊಟ್ಟೆಕಿಚ್ಚೂ ಪಟ್ಟೆ.

ಇವತ್ತು ಮಗಳು ಗೆಳತಿಯ ಮನೆಯಲ್ಲಿ ಉಂಡು, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಬಂದಳು. ‘ಅಪ್ಪಾ, ಅವರಮ್ಮಂಗೆ ಅವಳ ಮೇಲೆ ಸಿಟ್ಟಾ? ಬಾಯೆಲ್ಲಾ ಉರಿ ಉರಿ.’

ನಗು ಬಂತು. ಆಮೇಲೆ, ಹಾಗಾದರೆ ಮನೇಲಿ ಇವಳು ತಿನ್ನೋದೇನು ಅನ್ನಿಸಿತು. ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಒಂದೇ ಪಾತ್ರೆ. ಖಾರದಪುಡಿಯ ಡಬ್ಬಿಯಲ್ಲಿ ಗುಂಡಿ, ಸೂಜಿ, ದಾರ.

‘ಎರಡೆರಡು ಪಾತ್ರೆ ತೊಳೆಯೋರು ಯಾರು?’ ಅಂದಳು ಹೆಂಡತಿ, ತಿರುಗಿಯೂ ನೋಡದೆ.

ಡಾಕ್ಟರಿಗೆ ತೋರಿಸುವ ಪುಸ್ತಕದಲ್ಲಿ ದಿನಾ ನಾನು ತಿಂದದ್ದು ಬರೀತೀನಿ. ಅದನ್ನೇ ಇನ್ನಿಬ್ಬರೂ ತಿಂದರು ಅಂತ ಬರೆಯೋಕೆ ಅದರಲ್ಲಿ ಕಾಲಂ ಇಲ್ಲ.